ಹನ್ನೆರಡು ವರ್ಷ ತೆಗೆಸದ ಎಕ್ಸ್‌ರೇ

ನಮ್ಮ ಯಗಟಿಯಲ್ಲಿ ಮಂಡಿ ನೋವಿಲ್ಲದ ಮನೆಯೇ ಇಲ್ಲ. ಯಾರನ್ನು ಕೇಳಿದರೂ "ವಯಸ್ಸಾಯ್ತಲ್ಲ" ಎನ್ನುತ್ತಾರೆ. ಆ ಮಾತು ಕೇಳಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ ಅಂತ ಹೇಳುತ್ತೇನೆ, ಕೇಳಿ. ನಾನು ಹೇಮಾವತಿ, ಇದೇ ಊರಿನ ಆಶಾ ಕಾರ್ಯಕರ್ತೆ.

ಹಿಟ್ಟಿನ ಮಿಲ್ಲಿನ ದೇವೀರಣ್ಣನ ಹೆಂಡತಿ ಪ್ರೇಮಕ್ಕನಿಗೆ ಹನ್ನೆರಡು ವರ್ಷದ ಹಿಂದೆ ಬಲಮಂಡಿಯ ಕೀಲು ಬದಲಿಸಿದ್ದರು. ಆಮೇಲೆ ಅವರು ಚೆನ್ನಾಗಿಯೇ ಓಡಾಡಿಕೊಂಡಿದ್ದರು. ಮೊನ್ನೆ ಮಳೆಗಾಲ ಮುಗಿದ ಮೇಲೆ ನಾನು ರಾಗಿ ಬೀಸಿಸಲು ಹೋದಾಗ ನೋಡಿದರೆ, ಸ್ಟೂಲಿನಿಂದ ಎದ್ದು ಹೆಜ್ಜೆ ಇಡಲಾರದೆ ಗೋಡೆ ಹಿಡಿದು ನಿಂತಿದ್ದಾರೆ.

"ಏನಾಯ್ತು ಪ್ರೇಮಕ್ಕ?"

"ಏನಿಲ್ಲ ಕಣೇ, ವಯಸ್ಸಾಯ್ತಲ್ಲ. ಒಂದ್ ವರ್ಷದಿಂದ ಹಿಂಗೇ. ಎದ್ದಾಗ ಚುಚ್ತದೆ, ಮಂಡಿ ಊದ್ಕೊತದೆ. ಮೆಡಿಕಲ್ ಶಾಪಿನ ಮಾತ್ರೆ ನುಂಗ್ತೀನಿ, ಹೋಗ್ತದೆ."

"ಒಂದ್ ವರ್ಷದಿಂದ ಮಾತ್ರೆನಾ? ಡಾಕ್ಟರಿಗೆ ತೋರಿಸ್ದೇನಾ?" ನಾನು ಕೂಗಿಯೇ ಬಿಟ್ಟೆ.

ಒಳಗಿನಿಂದ ದೇವೀರಣ್ಣ ಬಂದರು. "ಏನಮ್ಮಾ ಹೇಮಾ, ಯಾಕ್ ಕೂಗಾಡ್ತೀಯ? ಒಳಗಿರೋದು ಸ್ಟೀಲು. ಸ್ಟೀಲಿಗೆ ಏನಾಗ್ತದೆ? ಎಣ್ಣೆ ತರ್ಸಿದ್ದೀನಿ, ಗಟ್ಟಿಯಾಗಿ ತಿಕ್ಕಿದ್ರೆ ಸರಿಹೋಗ್ತದೆ."

"ತಿಕ್ಕಬೇಡಿ ದೇವೀರಣ್ಣ! ಕೊನೇ ಎಕ್ಸ್‌ರೇ ಯಾವಾಗ ತೆಗೆಸಿದ್ರಿ?"

"ಆಪರೇಷನ್ ಆದಾಗ. ಆಮೇಲೆ ನೋವೇ ಇರ್ಲಿಲ್ವಲ್ಲ. ನೋವಿಲ್ದೇ ಯಾರಾದ್ರೂ ಆಸ್ಪತ್ರೆ ಮೆಟ್ಲು ಹತ್ತುತಾರಾ?"

ನನಗೆ ತಡೆಯಲಾಗಲಿಲ್ಲ. "ಮಿಲ್ಲಿನ ಕಲ್ಲು ಎಷ್ಟ್ ದಿನಕ್ಕೆ ಬಿಚ್ಚಿ ನೋಡ್ತೀರಿ?"

"ತಿಂಗಳಿಗೊಂದ್ಸಲ. ಸವೆದಿದ್ರೆ ಉಳಿಯಿಂದ ಕುಟ್ಟಿಸಿ ಹಲ್ಲು ಮಾಡಿಸ್ತೀನಿ. ಇಲ್ದಿದ್ರೆ ಹಿಟ್ಟಲ್ಲಿ ಕಲ್ಲುಪುಡಿ ಬರ್ತದೆ."

"ಮಿಲ್ ನಿಂತೋಗ್ಲಿ ಅಂತ ಕಾಯಲ್ವಾ?"

"ಯಾವನಾದ್ರೂ ಕಾಯ್ತಾನಾ? ಒಳ್ಳೇ ಕಥೆ!"

"ಹಂಗಿದ್ರೆ ಹೆಂಡ್ತಿ ಮಂಡಿಗೆ ಹನ್ನೆರಡು ವರ್ಷ ಯಾಕ್ ಕಾದ್ರಿ? ಒಂದಿನ ಮೂಳೆ ಮುರಿದು ಹಾಸಿಗೆ ಹಿಡಿದ್ರೆ ಯಾರ್ ಗತಿ? ಕಲ್ಲಿಗಿಂತ ಕಡೆಯಾದ್ರಾ ಪ್ರೇಮಕ್ಕ?"

ಹಿಟ್ಟು ಬೀಸಿಸಲು ಬಂದವರೆಲ್ಲ ತಿರುಗಿ ನೋಡಿದರು. ದೇವೀರಣ್ಣನ ಮುಖ ಕೆಂಪಗಾಯಿತು. "ಆಯ್ತು ಮಾರಾಯ್ತಿ, ನಾಳೆ ಹೋಗಣ" ಎಂದರು. ಮನಸ್ಸಿಲ್ಲದೆ ಅಂದದ್ದು ಅಂತ ನನಗೆ ಗೊತ್ತಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ಜೊತೆಗೆ ಹತ್ತಿದೆ.

ಕಡೂರಿನಲ್ಲಿ ಮೂಳೆ ಡಾಕ್ಟರ್ ಅರ್ಫಾ ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು. ಲೋಹದ ಸುತ್ತ ಮೂಳೆಯಲ್ಲಿ ಕಪ್ಪು ಕಪ್ಪು ಜಾಗಗಳಿದ್ದವು.

"ನೋಡಿ ಯಜಮಾನ್ರೇ, ಮೇಲೊಂದು ಲೋಹ, ಕೆಳಗೊಂದು ಲೋಹ, ಮಧ್ಯೆ ಗಟ್ಟಿ ಪ್ಲಾಸ್ಟಿಕ್. ವರ್ಷಗಟ್ಟಲೆ ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಸವೀತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಉದುರ್ತದೆ. ನಮ್ಮ ಮೈಯಲ್ಲಿ ಕಾವಲು ಕಾಯೋ ಕೋಶಗಳಿವೆ. ಅವು ಆ ಪುಡಿನ ನುಂಗ್ತವೆ. ರೋಗದ ಕ್ರಿಮಿ ಆಗಿದ್ರೆ ಅರಗಿಸ್ಕೊತಿದ್ವು. ಪ್ಲಾಸ್ಟಿಕ್ ಅರಗಲ್ಲ. ಆಗ ಅವು ಕೆರಳಿ ಒಂದು ಥರ ರಾಸಾಯನಿಕ ಬಿಡ್ತವೆ. ಅದರಿಂದ ಊತ ಬರ್ತದೆ. ಮೂಳೆ ಕರಗಿಸೋ ಕೋಶಗಳೂ ಎಚ್ಚೆತ್ಕೊಂಡು, ಕೀಲಿನ ಸುತ್ತ ಇರೋ ಮೂಳೆನ ಕರಗಿಸ್ತಾ ಹೋಗ್ತವೆ."

"ಅಂದ್ರೆ ಅವಳ ಮೈಯೇ ಅವಳ ಮೂಳೆ ತಿಂತಾ ಇದೆಯಾ ಮೇಡಂ?" ದೇವೀರಣ್ಣನ ಧ್ವನಿ ಇಳಿದಿತ್ತು.

"ಹೂಂ. ಶುರುವಿನಲ್ಲಿ ನೋವೇ ಇರಲ್ಲ. ನೋವು ಬರೋ ಹೊತ್ತಿಗೆ ಎಷ್ಟೋ ಸಲ ಕೀಲು ಸಡಿಲ ಆಗಿರ್ತದೆ. ಎಲ್ಲರಿಗೂ ಹಿಂಗಾಗಲ್ಲ, ಇಪ್ಪತ್ತು ವರ್ಷ ಚೆನ್ನಾಗಿರೋರು ಬೇಕಾದಷ್ಟು ಜನ ಇದಾರೆ. ಯಾರಿಗೆ ಆಗ್ತಿದೆ ಅಂತ ತಿಳಿಯೋಕೇ ಎಕ್ಸ್‌ರೇ. ಇವರಿಗೆ ಸೋಂಕೂ ಇದೆಯಾ ಅಂತ ಪರೀಕ್ಷೆ ಮಾಡ್ಬೇಕು."

"ಮೊದಲೇ ಬಂದಿದ್ರೆ?" ಎಂದೆ ನಾನು.

"ಬಹುಶಃ ಪ್ಲಾಸ್ಟಿಕ್ ಒಂದನ್ನೇ ಬದಲಿಸಿದ್ರೆ ಸಾಕಾಗ್ತಿತ್ತು. ಈಗ ಪೂರ್ತಿ ಕೀಲು ತೆಗೆದು, ಮೂಳೆ ಹೋಗಿರೋ ಕಡೆ ತುಂಬ್ಬೇಕು. ದೊಡ್ಡ ಆಪರೇಷನ್."

ಪ್ರೇಮಕ್ಕ ತಂದಿದ್ದ ಹಳೆಯ ಆಪರೇಷನ್ ಫೈಲು ತಿರುವಿದಾಗ ಡಾಕ್ಟರ್ ಹುಬ್ಬು ಗಂಟಿಕ್ಕಿದರು. 'ವರ್ಷಕ್ಕೊಮ್ಮೆ ಬಂದು ತೋರಿಸಬೇಕು' ಎಂದು ಕೊನೆಯ ಹಾಳೆಯ ಅಡಿಯಲ್ಲಿ ಇತ್ತು. ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಬರೆದ ಪುಣ್ಯಾತ್ಮರು ಒಮ್ಮೆ ಬಾಯಿಬಿಟ್ಟು ಕನ್ನಡದಲ್ಲಿ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ನನ್ನ ಮೇಲೂ ನನಗೆ ಸಿಟ್ಟು ಬಂತು. ಮೊಮ್ಮಕ್ಕಳ ಲಸಿಕೆ ಅಂತ ಆ ಮನೆಗೆ ನೂರು ಸಲ ಹೋಗಿದ್ದೇನೆ, ಮಂಡಿಯ ಬಗ್ಗೆ ಒಂದು ಸಲವೂ ಕೇಳಲಿಲ್ಲ.

ಪ್ರೇಮಕ್ಕ ಗಂಡನ ಕಡೆ ತಿರುಗಿದರು. ಅವರು ಧ್ವನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನೋವು ಅಂದಾಗೆಲ್ಲ ತಡ್ಕೋ ತಡ್ಕೋ ಅಂದ್ರಿ. ತಡ್ಕೊಂಡೆ ಕಣ್ರೀ. ನಾನು ತಡ್ಕೊಂಡು ಕೂತ್ರೂ ಮೂಳೆ ಕಾಯ್ಲಿಲ್ಲ!"

ದೇವೀರಣ್ಣ ಟವೆಲಿನಿಂದ ಮುಖ ಒರೆಸಿಕೊಂಡರು. "ತಪ್ಪಾಯ್ತು ಕಣೇ."

"ತಪ್ಪಾಯ್ತು ಅಂದ್ರೆ ಮೂಳೆ ಬರಲ್ಲ. ಆಪರೇಷನ್‌ಗೆ ದಿನ ಗೊತ್ತು ಮಾಡಿ."

ಪರೀಕ್ಷೆಯಲ್ಲಿ ಸೋಂಕಿಲ್ಲ ಅಂತ ಗೊತ್ತಾಯಿತು. ಆಪರೇಷನ್ ಆಗಿದೆ. ಪ್ರೇಮಕ್ಕ ವಾಕರ್ ಹಿಡಿದು ಬಾಗಿಲವರೆಗೆ ಬರುತ್ತಾರೆ. ಕೈ ಬಿಟ್ಟು ಯಾವಾಗ ನಡೆಯುತ್ತಾರೋ ಡಾಕ್ಟರಿಗೂ ಖಚಿತವಿಲ್ಲ.

ನೀವೂ ಎದ್ದು ಹೋಗಿ ವಿಚಾರಿಸಿ. ನಿಮ್ಮ ಮನೆಯಲ್ಲಿ ಮಂಡಿಯೋ ಸೊಂಟದ ಕೀಲೋ ಬದಲಿಸಿಕೊಂಡವರು ಇದ್ದಾರಾ? ಕೊನೆಯ ಎಕ್ಸ್‌ರೇ ಯಾವಾಗ ತೆಗೆಸಿದ್ದು? ನೋವಿಲ್ಲದಿದ್ದರೂ ಡಾಕ್ಟರ್ ಹೇಳಿದ ಹೊತ್ತಿಗೆ ತೋರಿಸಿ. ಹೊಸದಾಗಿ ನೋವು, ಊತ ಬಂದರೆ, ಕೀಲು ಜಾರಿದಂತೆ ಅನಿಸಿದರೆ ತಡಮಾಡಬೇಡಿ. ಜ್ವರ ಬಂದು ಕೀಲು ಕೆಂಪಾದರೆ ಅವತ್ತೇ ಹೋಗಿ. ಎಣ್ಣೆ ತಿಕ್ಕುತ್ತಾ, ಸಿಕ್ಕ ಮಾತ್ರೆ ನುಂಗುತ್ತಾ ಕೂರಬೇಡಿ. ಫೈಲಿನಲ್ಲಿ ಏನು ಬರೆದಿದೆ ಅಂತ ಕನ್ನಡದಲ್ಲಿ ಹೇಳಿಸಿಕೊಳ್ಳಿ, ಹೇಳುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.

ಇವಳೇನು ಹೀಗೆ ಜೋರು ಮಾಡುತ್ತಾಳೆ ಅಂತ ನನ್ನ ಮೇಲೆ ಸಿಟ್ಟು ಬಂತೇ? ಬರಲಿ. ಮೊದಲು ಎಕ್ಸ್‌ರೇ ತೆಗೆಸಿ, ಆಮೇಲೆ ಬಂದು ಬೈಯಿರಿ.