ತೀರ್ಥ ಬಿದ್ದ ಗುಂಡಿ

"ಲೇ ಇನ್ನಾಸಿ, ಈಚೀಕ್ ಬಾರ್ಲಾ ಬೋಳಿಮಗನೆ! ಪಟೇಲ್ರು ತೀರ್ಕಂಡವ್ರೆ. ನೀನಿಲ್ಲಿ ಅಂಡೂರ್ಕಂಡು ಕುಂತಿದ್ದೀಯಾ?"

ಉಪದೇಶಿ ಸಂದ್ಯಾಗಪ್ಪ ನಮ್ಮ ಗುಡಿಸಲ ಮುಂದೆ ನಿಂತು ಕೂಗುತ್ತಿದ್ದ. ಚರ್ಚಿನಲ್ಲಿ ಜಪ ಹೇಳಿಕೊಡುವವನು, ಮಕ್ಕಳಿಗೆ ಹತ್ತು ಕಟ್ಟಳೆ ಬಾಯಿಪಾಠ ಮಾಡಿಸುವವನು, ಪಾದ್ರಿ ಸ್ವಾಮಿಗಳ ಮಾತನ್ನು ನಮ್ಮ ಹೊಸಕೇರಿಗೆ ತಂದು ಉಗುಳುವವನು ಅವನೇ. ಕೊರಳಲ್ಲಿ ಜಪಸರ, ಬಾಯಲ್ಲಿ ಇದು.

ಅವ್ವನ ತಲೆ ನನ್ನ ತೊಡೆಯ ಮೇಲಿತ್ತು. ಹಿಂದಿನ ದಿನದಿಂದ ಅವಳಿಗೆ ಉಸಿರು ಮೇಲಕ್ಕೆ ಬಂದರೆ ಕೆಳಕ್ಕೆ ಇಳಿಯುತ್ತಿರಲಿಲ್ಲ. ತಲೆಯನ್ನು ನನ್ನ ಹೆಂಡತಿ ಜ್ಞಾನಮ್ಮನ ತೊಡೆಗೆ ಕೊಟ್ಟು ಹೊರಗೆ ಬಂದೆ.

"ಅವ್ವ ಓಗೋ ಅಂಗವ್ಳೆ ಕಣಣ್ಣ. ಸ್ವಾಮ್ಯೋರ್ನ ಒಂದ್ ಗಳ್ಗೆ ಕಳ್ಸು. ಕೊನೇ ಎಣ್ಣೆ ಹಚ್ಚಿ ಓಗ್ಲಿ."

"ಬಹಿಷ್ಕಾರ ಬಿದ್ದಿರೋ ಮನೇಗೆ ಎಣ್ಣೆ ಕೇಳ್ತಾನೆ, ನಾಚ್ಕೆಗೆಟ್ಟೋನು."

"ಬಹಿಷ್ಕಾರ ಬಿದ್ದಿರೋನ ಕೈಲಿ ಪಟೇಲ್ರ ಗುಂಡಿ ತೋಡುಸ್ಬೋದಾ?"

"ಬಹಿಷ್ಕಾರ ನಿನ್ನ ಆತ್ಮಕ್ಕೆ ಕಣ್ಲಾ, ಕೈಗಲ್ಲ. ಈ ಸಲದ ಸರದಿ ನಿನ್ ಮನೇದು. ಸಮಾಧಿ ಗ್ವಾಡೆ ಒಳಗೆ, ದೊಡ್ಡ ಶಿಲುಬೆ ಪಕ್ಕ. ಆಳುದ್ದ ತೋಡು. ಒತ್ತು ಇಳಿಯೋ ಮುಂಚೆ ತತ್ತಾರೆ."

ಅವನು ಹೋದ. ಒಳಗೆ ಅವ್ವ ಕಣ್ಣು ಬಿಟ್ಟಿದ್ದಳು. ಕಿವಿ ಮಂದವಾಗಿದ್ದರೂ ಬೈಗುಳ ಕೇಳಿಸಿರಬೇಕು.

"ಸ್ವಾಮ್ಯೋರು ಬಂದ್ರೇನ್ಲಾ?" ಅಂದಳು.

ನಮ್ಮ ಶಿಲುಬೆಪಾಳ್ಯ ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ, ಹೇಮಾವತಿ ದಡದಲ್ಲಿ ಇದೆ. ಚರ್ಚಿನ ಒಳಗೆ ಅಡ್ಡಕ್ಕೆ ಒಂದು ಮರದ ಕಟಕಟೆ. ಅದರ ಮುಂದಿನ ಬೆಂಚುಗಳಲ್ಲಿ ಜಮೀನಿದ್ದ ದೊಡ್ಡಬೀದಿ ಕ್ರೈಸ್ತರು. ಹಿಂದೆ, ಬರೀ ನೆಲದ ಮೇಲೆ, ಹೊಲಗೇರಿಯಿಂದ ಬಂದು ಕ್ರೈಸ್ತರಾದ ನಾವು. ನನ್ನ ಅವ್ವ ಚೌರಮ್ಮ ಮದುವೆಯಾಗಿ ಬಂದಾಗಿನಿಂದ ಆ ಚರ್ಚಿನ ಕಸ ಗುಡಿಸಿದವಳು. ಗುಡಿಸುವಾಗ ಕಟಕಟೆ ಅಡ್ಡ ಬರುತ್ತಿರಲಿಲ್ಲ. ಕೂರುವಾಗ ಬರುತ್ತಿತ್ತು.

ಆ ವರ್ಷದ ಈಸ್ಟರ್ ಹಬ್ಬದ ದಿನ ಅವ್ವ, "ಸ್ವಾಮ್ಯೋರ ಮಾತು ಒಂದೂ ಕೇಳ್ಸಲ್ಲ ಮಗ" ಅಂದಳು. ಕೈ ಹಿಡಿದು ಕರೆದುಕೊಂಡು ಹೋಗಿ ಮುಂದಿನ ಬೆಂಚಿನಲ್ಲಿ ಕೂರಿಸಿ, ನಾನೂ ಪಕ್ಕದಲ್ಲಿ ಕೂತೆ. ಅಸ್ಪೃಶ್ಯತೆ ಅಪರಾಧವೆಂಬ ಸರ್ಕಾರದ ಕಾನೂನು ಬಂದ ಮೇಲೆ ಹೊಳೆನರಸೀಪುರದ ಹೋಟೆಲಿನಲ್ಲಿ ಬೆಂಚಿನ ಮೇಲೆ ಕೂತು ಕಾಫಿ ಕುಡಿದು ಬಂದಿದ್ದೆ. ಹೋಟೆಲಿನವನೇ ಸುಮ್ಮನಿರುವಾಗ ದೇವರು ಏನು ಅಂದಾನು ಅನ್ನಿಸಿತ್ತು. ದೇವರು ಏನೂ ಅನ್ನಲಿಲ್ಲ. ಪಟೇಲ ಅರುಳಪ್ಪ ಎದ್ದ. ಅವನ ಹಿಂದೆ ಇಡೀ ದೊಡ್ಡಬೀದಿ ಎದ್ದು ಹೊರಗೆ ಹೋಯಿತು. ಪೂಜೆ ಅರ್ಧಕ್ಕೆ ನಿಂತಿತು.

ಮುಂದಿನ ವಾರ ತೀರ್ಪು ಬಂತು. ಮೂರು ಭಾನುವಾರ ನಾನು ತಲೆಗೆ ಮುಳ್ಳುಬಳ್ಳಿ ಸುತ್ತಿಕೊಂಡು ಚರ್ಚಿನ ಬಾಗಿಲಲ್ಲಿ ಮಂಡಿಯೂರಬೇಕು. ಅಲ್ಲಿಯವರೆಗೆ ನನ್ನ ಮನೆಗೆ ಸತ್ಪ್ರಸಾದವಿಲ್ಲ, ಪಾಪನಿವೇದನೆಯಿಲ್ಲ, ಸತ್ತರೆ ಗಂಟೆಯಿಲ್ಲ, ಮಣ್ಣಿಲ್ಲ.

"ಊರ್ಬುಡ್ಲಾ ಮಗ. ಮಂಡಿ ತಾನೆ, ಸವ್ದೋಯ್ತದಾ?" ಎಂದು ಅವ್ವ ದಿನವೂ ಅಳುತ್ತಿದ್ದಳು. "ನಿಮ್ಮಪ್ಪನ್ ಮಗ್ಗುಲಲ್ಲಿ ಮನಗ್ಬೇಕು ಕಣ್ಲಾ ನಾನು. ಹಳ್ಳದ ದಡಕ್ಕೆ ಬಿಸಾಕ್ಬುಟ್ಟಾರು."

ಹಳ್ಳದ ದಡವೆಂದರೆ ಸಮಾಧಿ ನೆಲದ ಬೇಲಿಯ ಆಚೆ. ನೇಣು ಹಾಕಿಕೊಂಡವರು, ಜ್ಞಾನಸ್ನಾನವಾಗದೆ ಸತ್ತ ಕೂಸುಗಳು ಅಲ್ಲಿಗೆ. ನಾನು ಮಂಡಿ ಊರಲಿಲ್ಲ. ಈಗ ಅವ್ವ ನನ್ನನ್ನೇ ನೋಡುತ್ತಿದ್ದಳು.

"ಕರ್ಕಂಡ್ ಬತ್ತೀನವ್ವ" ಎಂದು ಹೇಳಿ ಸ್ವಾಮಿಗಳ ಬಂಗಲೆಗೆ ನಡೆದೆ.

*

ಬಂಗಲೆಯ ಅಂಗಳದಲ್ಲಿ ದೊಡ್ಡಬೀದಿಯವರೆಲ್ಲ ಸೇರಿದ್ದರು. ಸತ್ತ ಪಟೇಲನ ಮಗ ರಾಯಪ್ಪ ಬಿಳಿ ಅಂಗಿ ತೊಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಸ್ವಾಮಿಗಳು ಜಗಲಿಯ ಮೇಲೆ ನಿಂತಿದ್ದರು. ದೂರದ ಊರಿನಿಂದ ಬಂದವರು, ಪುಸ್ತಕ ಓದಿದಂತೆ ಮಾತಾಡುತ್ತಿದ್ದರು.

"ಸ್ವಾಮಿ, ಅವ್ವ ಸಾಯ್ತಾವ್ಳೆ. ಎಣ್ಣೆ ಹಚ್ಬನ್ನಿ. ತಪ್ಪು ನಂದು, ಅವ್ಳದ್ದಲ್ಲ."

"ತಪ್ಪು ಎಂದು ಈಗ ಅರಿವಾಯಿತೇ?"

"ಆಯ್ತು ಸ್ವಾಮಿ."

"ಬರೀ ಬಾಯ್ಮಾತು" ಅಂದ ರಾಯಪ್ಪ. "ಇವ್ನಿಂದ್ಲೇ ನಮ್ಮಪ್ಪ ಕೊರಗಿ ಸತ್ತಿದ್ದು. ಮಂಡಿ ಊರ್ಲಿ ನನ್ಮಗ."

ಅಂಗಳಕ್ಕೆಲ್ಲ ಹೊಳೆಯ ಗರಸು ಹಾಕಿದ್ದರು. ಅವ್ವನ ಕಣ್ಣು ನೆನಪಾಯಿತು. ಊರಿದೆ.

ಯಾರೋ ನಕ್ಕರು. ಗರಸು ಮಂಡಿಯ ಚರ್ಮಕ್ಕೆ ಇಳಿಯಿತು. ಸ್ವಾಮಿಗಳು ಎಲೆಯಡಿಕೆ ತಟ್ಟೆ ಹಿಡಿದು ಬಂದ ಯಾರೊಂದಿಗೋ ಮಾತಾಡಿ, ಪಟೇಲನ ಪೆಟ್ಟಿಗೆಗೆ ಹಾಸುವ ಕರಿಬಟ್ಟೆ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು.

"ಏಳು. ನಿನ್ನ ಪಶ್ಚಾತ್ತಾಪದಿಂದ ಸಂತೋಷವಾಯಿತು. ಭಾನುವಾರ ಬಾಗಿಲಿಗೆ ಬಾ. ತಪ್ಪು ಮಾಡಿದ್ದು ಸಭೆಯ ಮುಂದೆ, ಪ್ರಾಯಶ್ಚಿತ್ತವೂ ಸಭೆಯ ಮುಂದೆಯೇ ಆಗಬೇಕು."

"ಭಾನ್ವಾರ್ದ ಗಂಟ ಅವ್ವ ಉಳಿಯಲ್ಲ ಸ್ವಾಮಿ! ಇವತ್ತು ಮಂಗಳ್ವಾರ!"

ಸ್ವಾಮಿಗಳು ಜಗಲಿಯ ಮೆಟ್ಟಿಲು ಇಳಿದು ಹತ್ತಿರ ಬಂದರು. ದನಿ ತಗ್ಗಿಸಿದರು. "ಈ ಕಟಕಟೆ ನಾನು ಹಾಕಿಸಿದ್ದಲ್ಲ, ಇನ್ನಾಸಿ. ನನಗೂ ಅದು ಬೇಡ. ಆದರೆ ಅದನ್ನು ಕಿತ್ತರೆ ದೊಡ್ಡಬೀದಿ ಎದ್ದು ಹೋಗುತ್ತದೆ. ಅವರು ಹೋದರೆ ಪೀಠದ ದೀಪಕ್ಕೆ ಎಣ್ಣೆ ಯಾರು ಕೊಡುತ್ತಾರೆ? ಚರ್ಚು ಉಳಿಯಬೇಕಲ್ಲ."

"ಚರ್ಚು ಉಳೀಲಿ ಸ್ವಾಮಿ. ಅವ್ವನ್ ಹಣೆಗೊಂದು ತೊಟ್ಟು ಸಾಕು."

ಅವರು ರಾಯಪ್ಪನ ಕಡೆ ನೋಡಿದರು. ಅವನು ಅಲ್ಲೇ ಗಂಟಲು ಕೆರೆದು ಉಗುಳಿದ. ಸ್ವಾಮಿಗಳು ಮೆಟ್ಟಿಲು ಹತ್ತಿದರು.

"ಗುಂಡಿ ತೋಡೋಗ್ಲಾ" ಅಂದ ಸಂದ್ಯಾಗಪ್ಪ.

*

ಸಮಾಧಿ ನೆಲದಲ್ಲೂ ಕಟಕಟೆಯಿತ್ತು. ಕಲ್ಲಿನ ಗೋಡೆಯ ಒಳಗೆ ದೊಡ್ಡಬೀದಿಯವರು. ಗೋಡೆಯ ಹೊರಗೆ, ಮುಳ್ಳುಬೇಲಿಯವರೆಗೆ ನಮ್ಮವರು. ಎರಡು ಕಡೆಯ ಗುಂಡಿಯನ್ನೂ ತೋಡುವವರು ನಾವೇ.

ಒಂದು ಪದ್ಧತಿಯಿತ್ತು. ಗುಂಡಿ ತೋಡಿದ ಮೇಲೆ ಉಪದೇಶಿ ಬಂದು ಒಳಗೆ ತೀರ್ಥ ಚಿಮುಕಿಸಿ, ಗರಿಯ ಶಿಲುಬೆಯೊಂದನ್ನು ಇಳಿಬಿಡುತ್ತಿದ್ದ. ತೀರ್ಥ ಬಿದ್ದ ಗುಂಡಿಯೊಳಗೆ ಹೆಣ ಇಳಿದು ಮಣ್ಣು ಮುಚ್ಚಿದರೆ ಮುಗಿಯಿತು, ಕಡೆಯ ತೀರ್ಪಿನ ದಿನ ದೇವದೂತರು ಬಂದು ತೆರೆಯಬೇಕೇ ಹೊರತು ಮನುಷ್ಯರು ಮುಟ್ಟಬಾರದು. ಮುಟ್ಟಿದವನ ವಂಶ ಉಳಿಯುವುದಿಲ್ಲ ಎಂದು ದೊಡ್ಡಬೀದಿ, ಹೊಸಕೇರಿ ಎರಡೂ ನಂಬಿದ್ದವು. ತೀರ್ಥ ಬೀಳದ ಗುಂಡಿಗೆ ಈ ಮಾತಿಲ್ಲ. ಹಿಂದೆ ನಮ್ಮ ಕೇರಿಯ ಅಂತೋಣಿಗೆ ಬಹಿಷ್ಕಾರವಿತ್ತು. ಅವನು ಸತ್ತಾಗ ಮನೆಯವರು ಕದ್ದು ಬೇಲಿಯೊಳಗೆ ಹೂತಿದ್ದರು. ಪಟೇಲ ಅರುಳಪ್ಪ ನಮ್ಮ ಕೈಯಲ್ಲೇ ಆ ಹೆಣ ಕೀಳಿಸಿ ಹಳ್ಳದ ದಡಕ್ಕೆ ಹಾಕಿಸಿದ್ದ. ಆ ವಾಸನೆ ನನ್ನ ಮೂಗಿನಿಂದ ಇವತ್ತಿಗೂ ಹೋಗಿಲ್ಲ.

ಪಟೇಲನ ಗುಂಡಿ ಅಗೆಯುತ್ತಾ ಎದೆಮಟ್ಟ ಇಳಿದಿದ್ದಾಗ ಮೇಲಿನಿಂದ ನೆರಳು ಬಿತ್ತು. ಚಲುವಯ್ಯ. ನಮ್ಮಜ್ಜ ಜ್ಞಾನಸ್ನಾನ ಪಡೆದಾಗ ಅಜ್ಜನ ತಮ್ಮ ಪಡೆಯದೆ ಹೊಲಗೇರಿಯಲ್ಲೇ ಉಳಿದ. ಆ ತಮ್ಮನ ಮೊಮ್ಮಗ ಇವನು. ಅವನ ಮುಖ ನೋಡಿಯೇ ಗೊತ್ತಾಯಿತು.

"ದೊಡ್ಡವ್ವ ಓದ್ಲು ಕಣ್ಲಾ."

ಗುದ್ದಲಿ ಬಿಟ್ಟೆ. ಗುಂಡಿಯ ಗೋಡೆಗೆ ಒರಗಿ ಕೂತೆ. ಮಣ್ಣು ತಣ್ಣಗಿತ್ತು.

"ಏನಂದ್ಲು?"

"ಸ್ವಾಮ್ಯೋರು ಬಂದ್ರಾ ಅಂದ್ಲಂತೆ. ನಿನ್ ಎಂಡ್ತಿ ಊಂ ಬಂದವ್ರೆ ಅಂತ ಅರಳೆಣ್ಣೇನೇ ಹಣೆಗೆ ಹಚ್ಚವ್ಳೆ. ಅಂಗೇ ಕಣ್ ಮುಚ್ಕಂಡ್ಲು."

ಚಲುವಯ್ಯ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿ ಅಂದ: "ನಮ್ ಕಡೆ ಸುಡುಗಾಡಿಗೆ ತಕಬಾ. ನಾವೇನ್ ಬ್ಯಾಡ ಅನ್ನಕಿಲ್ಲ. ನಿಮ್ಮಜ್ಜ ಇಲ್ಲೀಗ್ ಬಂದು ಏನ್ ಕಿಸ್ದ ಏಳು? ಅಲ್ಲೂ ದ್ಯಾವ್ರ ಗುಡಿ ಒರಗೇ ನಿಂತಿದ್ದ, ಇಲ್ಲೂ ಕಟಕಟೆ ಇಂದ್ಗಡೇನೇ."

"ಅವ್ವ ಕೇಳಿದ್ದು ಇಲ್ಲಿನ್ ಮಣ್ಣ ಕಣ್ಲಾ."

"ನಿಮ್ಮಪ್ಪನ್ ಪಕ್ಕ ಊತ್ರೆ ಅಂತೋಣೀನ ಕಿತ್ತಂಗೆ ಕಿತ್ತಾಕ್ತಾರೆ. ಮರ್ತೋಯ್ತಾ?"

ಮರೆತಿರಲಿಲ್ಲ. ಎದ್ದು ಮತ್ತೆ ಅಗೆದೆ. ಪಟೇಲನ ಗುಂಡಿ ಆಳುದ್ದವಾಗುವವರೆಗೂ ಅಗೆದೆ. ನಾಲ್ಕೂ ಮೂಲೆ ಚೊಕ್ಕ ಮಾಡಿದೆ.

ಸಂದ್ಯಾಗಪ್ಪ ತೀರ್ಥದ ಚೊಂಬು ಹಿಡಿದು ಬಂದ. ಇಣುಕಿ ನೋಡಿ, ಲ್ಯಾಟಿನ್ನಿನಲ್ಲಿ ಏನೋ ಗೊಣಗಿ, ತೀರ್ಥ ಚಿಮುಕಿಸಿದ. ಒಂದು ಹನಿ ನನ್ನ ಹರಿದ ಮಂಡಿಯ ಮೇಲೆ ಬಿದ್ದು ಉರಿಯಿತು. ಗರಿಯ ಶಿಲುಬೆ ಗುಂಡಿಯ ತಳಕ್ಕೆ ಬಿತ್ತು.

"ಅಣ್ಣ, ಅವ್ವ ತೀರ್ಕಂಡ್ಲು" ಅಂದೆ. "ಅಪ್ಪನ್ ಮಗ್ಗುಲಲ್ಲಿ ಒಂದ್ ಗುಂಡಿ ತೋಡ್ಕತೀನಿ. ಎಂಗೂ ಚೊಂಬಲ್ಲಿ ತೀರ್ಥ ಉಳ್ದದೆ. ಅಷ್ಟು ಉಯ್ದು ಓಗು."

ಅವನು ಚೊಂಬನ್ನು ಎದೆಗೆ ಅವಚಿಕೊಂಡ. "ಹಳ್ಳದ ದಡಕ್ ತಕಂಡೋಗ್ಲಾ. ಪಟೇಲ್ರ ಮೆರವಣಿಗೆ ಬರೋ ಒತ್ಗೆ ನಿಮ್ ಹೆಣ ಅಡ್ಡ ಬರ್ಬಾರ್ದು."

ಅವನು ಗೋಡೆ ದಾಟಿ ಮರೆಯಾಗುವವರೆಗೂ ನೋಡಿದೆ. ಆಮೇಲೆ ಚಲುವಯ್ಯನನ್ನು ನೋಡಿದೆ. ಅವನು ಗುಂಡಿಯನ್ನು ನೋಡಿದ, ನನ್ನನ್ನು ನೋಡಿದ.

"ಲೇ, ಬ್ಯಾಡ ಕಣ್ಲಾ. ಕೊಂದಾಕ್ಬುಡ್ತಾರೆ."

"ನೀನ್ ಇಲ್ಲೇ ಇರು. ನಾನೋಗಿ ತತ್ತೀನಿ."

"ಒಬ್ನೇ ಎಂಗ್ ತತ್ತೀಯೋ, ನಿನ್ನವ್ವನ್!" ಎಂದು ಬೈದು, ನನಗಿಂತ ಮುಂದೆ ನಡೆದ.

*

ನಮಗೆ ಪೆಟ್ಟಿಗೆ ಇರಲಿಲ್ಲ. ಗುಡಿಸಲ ತಡಿಕೆ ಕಿತ್ತೆವು. ಅವ್ವ ಹಬ್ಬಕ್ಕೆ ಮಾತ್ರ ಉಡುತ್ತಿದ್ದ ಸೀರೆಯನ್ನು ಜ್ಞಾನಮ್ಮ ಸುತ್ತಿದಳು. ಅವ್ವನ ಎದೆಯ ಮೇಲೆ ಜಪಸರ ಇಟ್ಟಳು, ಸ್ವಲ್ಪ ಯೋಚಿಸಿ, ಪಕ್ಕದಲ್ಲಿ ಅವಳ ಗರಿಕೆ ಪೊರಕೆಯನ್ನೂ ಇಟ್ಟಳು.

"ಅದ್ಯಾಕೆ?" ಅಂದೆ.

"ಅಲ್ಲೂ ಗುಡ್ಸಕೆ ಏಳ್ತಾರೇನೋ."

ಪೊರಕೆ ತೆಗೆದು ಎಸೆದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ತಡಿಕೆಯ ಒಂದು ಮೂಲೆಗೆ ಹೆಗಲು ಕೊಟ್ಟಳು. ಚಲುವಯ್ಯನ ಹೆಂಡತಿ ಹೊನ್ನಕ್ಕ ಇನ್ನೊಂದು ಮೂಲೆಗೆ. ಕೇರಿಯವರು ಬಾಗಿಲಲ್ಲಿ ನಿಂತು ನೋಡಿದರು. ಎಲ್ಲರ ಹೊಲವೂ ಗೇಣಿಯ ಹೊಲ, ಚರ್ಚಿನದೋ ಪಟೇಲನದೋ. ಯಾರೂ ಹೊರಗೆ ಬರಲಿಲ್ಲ. ನಾವು ಹಳ್ಳದ ಕಡೆ ತಿರುಗದೆ ಗೋಡೆಯ ಕಡೆ ತಿರುಗಿದಾಗ ಒಬ್ಬ ಮುದುಕ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ.

ಅವ್ವನನ್ನು ಇಳಿಸುವಾಗ ಚರ್ಚಿನ ಗಂಟೆ ಹೊಡೆಯಲು ಶುರುವಾಯಿತು. ಸಾವಿನ ಗಂಟೆ. ಒಂದು ಹೊಡೆತ, ನಿಧಾನ, ಮತ್ತೊಂದು ಹೊಡೆತ. ಪಟೇಲನ ಪೆಟ್ಟಿಗೆ ಚರ್ಚಿನಿಂದ ಹೊರಟಿತ್ತು.

"ಅತ್ತೆ, ಗಂಟೆ ಒಡೀತಾವ್ರೆ" ಎಂದಳು ಜ್ಞಾನಮ್ಮ, ಗುಂಡಿಯೊಳಗೆ ಬಗ್ಗಿ, ಕಿವಿ ಮಂದವಿದ್ದವಳಿಗೆ ಕೇಳಿಸಲೆಂದು ಗಟ್ಟಿಯಾಗಿ. "ಕೇಳಿಸ್ತಾ?"

ಮಣ್ಣು ಎಳೆದೆವು. ಕೈಯಿಂದ, ಗುದ್ದಲಿಯಿಂದ, ಕಾಲಿನಿಂದ. ಗಂಟೆ ಹೊಡೆಯುತ್ತಲೇ ಇತ್ತು. ಆಮೇಲೆ ದಿಬ್ಬವನ್ನು ತುಳಿದು ಗಟ್ಟಿ ಮಾಡಿದೆ. ಚಲುವಯ್ಯನಿಗೆ "ನೀವಿನ್ನು ಓಗಿ" ಅಂದೆ. ಅವನು ಹೋಗಲಿಲ್ಲ.

*

ಮೊದಲು ಬೆಳ್ಳಿಯ ಶಿಲುಬೆ ಬಂತು. ಹಿಂದೆ ಸ್ವಾಮಿಗಳು, ಅವರ ಹಿಂದೆ ಕರಿಬಟ್ಟೆ ಹೊದಿಸಿದ ಪೆಟ್ಟಿಗೆ ಹೊತ್ತ ನಾಲ್ವರು. ದೊಡ್ಡಬೀದಿಯವರ ಪೆಟ್ಟಿಗೆ ಹೆಗಲಿಂದ ನೇರ ಗುಂಡಿಗೇ ಇಳಿಯಬೇಕು, ನಡುವೆ ನೆಲ ಮುಟ್ಟಬಾರದು. ಹಾಡುತ್ತಾ ಬಂದವರು ಗೋಡೆಯ ಬಾಗಿಲಲ್ಲಿ ಹಾಡು ನಿಲ್ಲಿಸಿದರು.

"ಗುಂಡಿ ಎಲ್ಲೋ?" ಸಂದ್ಯಾಗಪ್ಪನ ದನಿ ಕೀರಲಾಗಿತ್ತು.

"ತುಂಬದೆ."

"ಯಾರ್ಲಾ ಒಳ್ಗೆ?"

"ಚೌರಮ್ಮ. ತೀರ್ಥ ನೀನೇ ಆಕಿದ್ದೆ. ಗಂಟೆ ನೀವೇ ಒಡುದ್ರಿ."

ರಾಯಪ್ಪ ನುಗ್ಗಿ ಬಂದು ನನ್ನ ಕೆನ್ನೆಗೆ ಹೊಡೆದ. ಬಾಯಲ್ಲಿ ರಕ್ತ ಬಂತು. ನಾನು ದಿಬ್ಬದಿಂದ ಇಳಿಯಲಿಲ್ಲ. "ಕೀಳು ಅದನ್ನ! ಹೊಲೆಮುಂಡೇನ ಈಚ್ಗೆ ಕೀಳ್ಲಾ!" ಎಂದು ಕೂಗಿದ. ಅಲ್ಲಿಯವರೆಗೂ ನಾವು ಅವನಿಗೆ ಹೊಸಕೇರಿ ಕ್ರೈಸ್ತರಾಗಿದ್ದೆವು.

ಗುದ್ದಲಿಯನ್ನು ಅವನ ಕಡೆ ಚಾಚಿದೆ. "ತಕಳಿ, ನೀವೇ ಕೀಳಿ."

ಅವನು ಗುದ್ದಲಿ ನೋಡಿದ. ತೀರ್ಥ ಬಿದ್ದ ಮಣ್ಣು ನೋಡಿದ. ಕೈ ಮುಂದೆ ಬರಲಿಲ್ಲ. ಹಿಂದೆ ತಿರುಗಿದ. ದೊಡ್ಡಬೀದಿಯವರು ಒಬ್ಬೊಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. "ಸ್ವಾಮಿ, ನೀವ್ ಏಳಿ" ಅಂದ ರಾಯಪ್ಪ.

ಸ್ವಾಮಿಗಳ ತುಟಿ ಅಲುಗುತ್ತಿತ್ತು. ಜಪವೋ ಮತ್ತೇನೋ ತಿಳಿಯಲಿಲ್ಲ. ಪೆಟ್ಟಿಗೆ ಹೊತ್ತವರು ಹೆಗಲು ಬದಲಿಸಿದರು. ಒಬ್ಬನ ಹೆಗಲು ಕುಸಿದು ಪೆಟ್ಟಿಗೆ ವಾಲಿತು. ಕೊನೆಗೆ ಅವರು ಪಟೇಲ ಅರುಳಪ್ಪನನ್ನು ಬರೀ ನೆಲದ ಮೇಲೆ ಇಟ್ಟರು. ಅವ್ವ ಇಷ್ಟು ವರ್ಷ ಕೂತಂತೆ.

"ಹೊಸ್ಕೇರಿ ಗಂಡುಸ್ರನ್ನೆಲ್ಲ ಕರೀರಿ!" ರಾಯಪ್ಪನ ಗಂಟಲು ಹರಿಯುವಂತಿತ್ತು. "ಗುದ್ಲಿ ತಕಂಡ್ ಬರ್ಲಿ. ಬರ್ದಿರೋನು ನಾಳೆ ಹೊಲಕ್ಕೆ ಕಾಲಿಕ್ಕಂಗಿಲ್ಲ ಅಂತ ಏಳಿ."

ಸಂದ್ಯಾಗಪ್ಪ ಓಡಿದ. ಗಂಟೆ ನಿಂತುಹೋಗಿತ್ತು. ಹೊಳೆಯ ಕಡೆಯಿಂದ ಮೋಡ ಕಟ್ಟಿಕೊಂಡು ಬರುತ್ತಿತ್ತು. ಕರಿಬಟ್ಟೆಯ ಮೇಲೆ ನೊಣ ಕೂತವು.

ಸ್ವಲ್ಪ ಹೊತ್ತಿಗೆ ಮುಳ್ಳುಬೇಲಿಯ ಆಚೆ ಅವರು ಕಂಡರು. ಕೇರಿಯ ಗಂಡಸರೆಲ್ಲ, ಅಂತೋಣಿಯ ಅಣ್ಣನೂ ಸೇರಿ, ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಬರುತ್ತಿದ್ದರು. ಯಾರ ಮುಖವೂ ಓದಲು ಬರುತ್ತಿರಲಿಲ್ಲ. ಗೋಡೆಯ ಬಾಗಿಲಿಗೆ ಬಂದು ನಿಂತರು. ಒಂದು ಕಡೆ ರಾಯಪ್ಪ, ಇನ್ನೊಂದು ಕಡೆ ನಾನು.

ಅಂತೋಣಿಯ ಅಣ್ಣ ಮೊದಲು ಒಳಗೆ ಕಾಲಿಟ್ಟ. ಹೆಗಲಿಂದ ಗುದ್ದಲಿ ಇಳಿಸಿ ಎರಡೂ ಕೈಯಲ್ಲಿ ಹಿಡಿದ.

ನಾನು ಅವ್ವನ ಮೇಲೆ ಕಾಲು ಅಗಲಿಸಿ ನಿಂತೆ.