ಬೆನ್ನ ಹಿಂದಿನ ಸಪ್ಪಳ

ಸೀತಾಫಲ ಹಣ್ಣಾಗುವ ಕಾಲಕ್ಕೆ ಬೆಟ್ಟದಿಂದ ಕರಡಿಗಳು ಇಳಿಯುತ್ತವೆ ಅನ್ನುವುದು ರಾಯದುರ್ಗದಲ್ಲಿ ಮಕ್ಕಳಿಗೂ ಗೊತ್ತು. ಶ್ರಾವಣಿಗೂ ಗೊತ್ತಿತ್ತು. ಆದರೆ ಹತ್ತನೇ ಕ್ಲಾಸಿನ ಆ ಹುಡುಗಿಗೆ ಓಡಲು ಬೇರೆ ಜಾಗ ಇರಲಿಲ್ಲ. ಶಾಲೆಯ ಮೈದಾನ ಅಂಗೈಯಗಲ, ಊರೊಳಗೆ ಆಟೋಗಳ ಕಾಟ. ಹಾಗಾಗಿ ನಸುಕಿನಲ್ಲೇ ಬೆಟ್ಟದ ಬದಿಯ ರಸ್ತೆ ಹಿಡಿಯುತ್ತಿದ್ದಳು. ಅವಳಪ್ಪ ಲೋಕನಾಥ್ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟು ಹೊಲಿಯುವವನು. ಹೊಲಿಗೆಗೆ ಕೂರುವ ಮುಂಚೆ ಮೊಪೆಡ್ಡಿನಲ್ಲಿ ಮಗಳ ಹಿಂದೆ ನಿಧಾನಕ್ಕೆ ಬರುತ್ತಿದ್ದ.

ಓಟದಲ್ಲಿ ಅವಳು ಯಾವತ್ತೂ ಗೆದ್ದವಳಲ್ಲ. ಮಂಡಲ ಮಟ್ಟದ ಓಟದಲ್ಲಿ ಮುಂದಿದ್ದ ಹುಡುಗಿ ಕಾಲು ಹೊರಳಿ ಬಿದ್ದದ್ದಕ್ಕೆ ಜಿಲ್ಲಾ ಮಟ್ಟಕ್ಕೆ ಇವಳ ಹೆಸರು ಹೋಗಿತ್ತು, ಅಷ್ಟೇ.

ಆ ದಿನ ಮೊಪೆಡ್ಡು ಹಿಂದೆಲ್ಲೋ ಕೆಮ್ಮಿ ನಿಂತಿತು. ಶ್ರಾವಣಿ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ದಪದಪ ಹೆಜ್ಜೆ ಕೇಳಿತು. ಅಪ್ಪ ಓಡಿ ಬರುತ್ತಿದ್ದಾನೆ ಅಂದುಕೊಂಡು ನಗುತ್ತಲೇ ತಿರುಗಿದಳು. ರಸ್ತೆಯ ಮೇಲೆ ಕರ್ರಗೆ, ಗುಡ್ಡದ ತುಂಡೊಂದು ಉರುಳಿ ಬರುವ ಹಾಗೆ ಬರುತ್ತಿತ್ತು. ಅದರ ಹಿಂದೆ ಅಪ್ಪ, ಕೈಯಲ್ಲಿ ಕಲ್ಲು.

"ಓಡವ್ವ, ಹಿಂದ ನೋಡಬ್ಯಾಡ," ಅಂದು ಲೋಕನಾಥ್ ಕಲ್ಲು ಬೀಸಿದ. ಕರಡಿ ಅವನ ಕಡೆ ತಿರುಗಿತು.

ಶ್ರಾವಣಿ ಓಡಿದಳು. ಕುರಿಹಟ್ಟಿಯ ಮುದುಕ ಸಣ್ಣತಿಮ್ಮಪ್ಪ ಎದುರಾಗುವವರೆಗೂ ನಿಲ್ಲಲಿಲ್ಲ. ಬೆಟ್ಟದ ಕಡೆ ಕೈ ತೋರಿಸಿ ಅಲ್ಲೇ ಕುಸಿದಳು. ಮುದುಕ ನಾಯಿಗಳನ್ನೂ ನಾಲ್ಕು ಜನರನ್ನೂ ಕರೆದುಕೊಂಡು ಹೋದ. ಲೋಕನಾಥ್ ಉಳಿದ. ಬಲಗೈ ಮಾತ್ರ ಮೊಣಕೈಯಿಂದ ಕೆಳಗೆ ಹರಿದುಹೋಗಿತ್ತು.

ಆಮೇಲೆ ಅವಳಿಗೆ ಹಿಂದೆ ಯಾರೇ ನಡೆದು ಬಂದರೂ ಮೈ ತಣ್ಣಗಾಗುತ್ತಿತ್ತು. ಅವ್ವ ಬನಶಂಕರಮ್ಮ ನೀರಿನ ಕೊಡ ಹೊತ್ತು ಹಿಂದೆ ಬಂದರೂ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಡುತ್ತಿದ್ದಳು. ಈಗ ಮಿಷನ್ ತುಳಿಯುತ್ತಿದ್ದವಳು ಅವ್ವನೇ. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಬಾಗಿಲ ಕಡೆಗೊಂದು ಕಣ್ಣಿಟ್ಟಿರುತ್ತಿದ್ದಳು.

ಜಿಲ್ಲಾ ಮಟ್ಟದ ಓಟ ಹತ್ತಿರ ಬಂದಾಗ ಶಾಲೆಯಲ್ಲಿ ಆಟ ಕಲಿಸುವ ಪಿ.ಇ.ಟಿ. ಕೊಟ್ರಬಸಪ್ಪ ಸಾರು ಮನೆಗೇ ಬಂದರು.

"ಆಕಿ ಬರಂಗಿಲ್ರಿ ಸಾರ್," ಅಂದಳು ಬನಶಂಕರಮ್ಮ. "ಉಳಿದದ್ದೇ ದೊಡ್ಡದು."

ಚಾಪೆಯ ಮೇಲಿದ್ದ ಲೋಕನಾಥ್ ಮಗಳ ಕಡೆ ನೋಡಿದ. "ನಿನಗೇನನಸ್ತೈತಿ, ಹೇಳವ್ವ."

"ಹೆದ್ರಿಕಿ ಆಗ್ತೈತಪ್ಪ. ಓಡಿದ್ರೂ ಹೆದ್ರಿಕಿ, ಕುಂತ್ರೂ ಹೆದ್ರಿಕಿ."

"ನನಗೂ ಹಂಗೇ ಐತಿ. ಕಣ್ಮುಚ್ಚಿದ್ರ ಅದೇ ಕಾಣ್ತೈತಿ." ಅಪ್ಪ ಹೀಗೆ ಹೇಳಿದ್ದನ್ನು ಅವಳು ಮೊದಲ ಸಲ ಕೇಳಿದ್ದು. "ಬ್ಯಾಡಂದ್ರ ಬಿಡು, ಯಾರೂ ಏನೂ ಅನ್ನಂಗಿಲ್ಲ."

ಅಪ್ಪ ಅಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದನ್ನೇ ಅವಳಿಗೆ ತಡೆಯಲಾಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, ಹೋಗುತ್ತೇನೆ ಅಂದಳು. ಬನಶಂಕರಮ್ಮ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಓಟಕ್ಕೆಂದು ಅನಂತಪುರದ ಬಸ್ಸು ಹತ್ತುವಾಗ ಮೂರೂ ಜನ ಹೊರಟಿದ್ದರು.

ಸಾವಿರದ ಐನೂರು ಮೀಟರ್ ಓಟ. ಅಕ್ಕಪಕ್ಕ ಸ್ಪೋರ್ಟ್ಸ್ ಹಾಸ್ಟೆಲಿನ ಹುಡುಗಿಯರು, ಮುಳ್ಳಿನ ಶೂ ತೊಟ್ಟು ತೊಡೆ ತಟ್ಟಿಕೊಳ್ಳುತ್ತಿದ್ದರು. ಪಿಸ್ತೂಲಿನ ಸದ್ದಿಗೆ ಎಲ್ಲರೂ ಹಾರಿದರು. ಶ್ರಾವಣಿ ಬೇಕೆಂತಲೇ ತಡೆದಳು. ಎಲ್ಲರೂ ಮುಂದೆ ಹೋಗಲಿ, ಹಿಂದೆ ಯಾರೂ ಇರದಿರಲಿ. ಕೊನೆಯವಳಾಗಿ ಓಡುವಾಗ ಉಸಿರು ಸರಿಯಾಗಿ ಆಡಿತು. ಕೊಟ್ರಬಸಪ್ಪ ಸಾರು ಗೆರೆಯಾಚೆ ತಲೆ ಮೇಲೆ ಕೈ ಹೊತ್ತು ನಿಂತದ್ದು ಕಂಡಿತು.

ಎರಡನೇ ಸುತ್ತಿಗೆ ಕೆಲವರು ಬಳಲಿದರು. ಒಬ್ಬಳನ್ನು ದಾಟಿದಳು. ಕೂಡಲೇ ಬೆನ್ನ ಹಿಂದೆ ದಪದಪ. ಕಾಲು ಕಟ್ಟಿದ ಹಾಗಾಯಿತು. ಆ ಹುಡುಗಿ ಮತ್ತೆ ಮುಂದೆ ಹೋಗಲಿ ಅಂತ ಬಿಟ್ಟುಕೊಟ್ಟಳು. ಹೀಗೇ ಮುಗಿದರೆ ಸಾಕು ಅನ್ನಿಸಿತು.

ಕೊನೆಯ ಸುತ್ತಿನ ಗಂಟೆ ಹೊಡೆಯಿತು. ಬೇಲಿಯ ಪಕ್ಕ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಡುಗುತ್ತಿದ್ದಳು. ಆದರೂ ಕಣ್ಣು ಕೀಳದೆ ನೋಡುತ್ತಿದ್ದಳು. ಶ್ರಾವಣಿ ಹೊರಕ್ಕೆ ಸರಿದು ಒಬ್ಬಳನ್ನು ದಾಟಿದಳು. ಸಪ್ಪಳ ಬಂತು. ಈ ಸಲ ನಿಲ್ಲಲಿಲ್ಲ. ಆ ಸಪ್ಪಳ ಕೇಳಿಸದಷ್ಟು ದೂರ ಹೋಗಬೇಕೆಂದು ಓಡಿದಳು. ಮತ್ತೊಬ್ಬಳು ಹಿಂದಾದಳು, ಮತ್ತೂ ಇಬ್ಬರು. ಹೆದರಿಕೆ ಹೋಗಲಿಲ್ಲ, ಒಬ್ಬೊಬ್ಬರನ್ನು ದಾಟಿದಂತೆ ಹೆಚ್ಚಿತು. ಅದನ್ನು ಹೊತ್ತುಕೊಂಡೇ ಓಡಿದಳು. ಮುಂದೆ ಒಂದೇ ಬೆನ್ನು ಉಳಿದಿತ್ತು.

ಗೆರೆ ದಾಟಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಓಡುತ್ತಲೇ ಇದ್ದಳು. "ನಿಲ್ಲವ್ವ, ಮುಗೀತು," ಅಂತ ಸಾರು ಹಿಂದೆ ಓಡಿ ಬಂದದ್ದು ಅವಳನ್ನು ಇನ್ನಷ್ಟು ಅಟ್ಟಿತು. ತಿರುವಿನಲ್ಲಿ ಲೋಕನಾಥ್ ಬೇಲಿ ನುಸುಳಿ ಬಂದು, ಕಟ್ಟು ಹಾಕಿದ ಕೈ ಎದೆಗಿಟ್ಟುಕೊಂಡು ಇನ್ನೊಂದನ್ನು ಚಾಚಿ ಎದುರಿಗೆ ನಿಂತ. ಅವಳು ಹೋಗಿ ಅವನಿಗೆ ಡಿಕ್ಕಿ ಹೊಡೆದಳು. ಇಬ್ಬರೂ ಮಣ್ಣಿಗೆ ಕೂತರು.

"ಎಷ್ಟನೇದು ಬಂದೆನಪ್ಪ?"

"ನಾನು ನೋಡಿಲ್ಲವ್ವ. ನಿನ್ನ ಮುಖಾನ ನೋಡ್ತಿದ್ದೆ."

ಸಾರು ಏದುಸಿರು ಬಿಡುತ್ತಾ ಬಂದು, ಎರಡನೇದು, ರಾಜ್ಯಮಟ್ಟಕ್ಕೆ ಹೆಸರು ಹೋಗುತ್ತದೆ ಅಂದರು. ಬನಶಂಕರಮ್ಮ ಬಂದಳು, ಮಗಳ ಎದುರಿನಿಂದಲೇ ಬಂದಳು. ನೀರಿನ ಬಾಟ್ಲಿ ಕೊಟ್ಟು, "ಇನ್ನ ಮ್ಯಾಲೆ ಬಿಸಿಲು ಬಂದ ಮ್ಯಾಲೇ ಓಡಬೇಕು, ನಾನೂ ಬರ್ತೀನಿ," ಅಂದಳು.

"ನಿನಗ ಓಡಾಕ ಬರತೈತೇನವ್ವ?"

"ಬರಂಗಿಲ್ಲ. ಕಲ್ತ್ಕೊಂತೀನಿ."