ಆಬಾನ ಹಲ್ಲಿಗೆ ಸಾಣೆ

ಕೊಲ್ಹಾಪುರದ ಉದ್ಯಮನಗರದಲ್ಲಿ ದಿನಕರ ಲೋಹಾರನ ಸಾಣೆಗೆ ಬಗ್ಗದ ಅಲಗಿಲ್ಲ ಎಂಬ ಮಾತಿತ್ತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚಾಗಿ ಹೇಳುತ್ತಿದ್ದವನು ದಿನಕರ ಲೋಹಾರನೇ. ಓಣಿಯವರೆಲ್ಲ ಅವನನ್ನು ಆಬಾ ಎಂದು ಕರೆಯುತ್ತಿದ್ದರು. ಈಗ ಕೈ ನಡುಗುತ್ತಿದ್ದುದರಿಂದ ಲೇಥ್ ಅನ್ನು ಮಗ ವಿಲಾಸ ನಡೆಸುತ್ತಿದ್ದ. ಲೇಥಿನ ಟೂಲ್ ಪೋಸ್ಟಿಗೆ ಬಿಗಿದು ಕಬ್ಬಿಣ ಕತ್ತರಿಸುವ ಟೂಲುಗಳಿಗೆ ಸಾಣೆ ಹಿಡಿಯುವ ಕೆಲಸ ಮೊಮ್ಮಗಳು ಉಜ್ವಲಾಳದು. ಆಬಾ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತು ಇಬ್ಬರ ತಪ್ಪನ್ನೂ ಹುಡುಕುತ್ತಿದ್ದ.

ಉಜ್ವಲಾ ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಕಿಡಿಗೆ ಹೆದರುತ್ತಿರಲಿಲ್ಲ, ಮನುಷ್ಯರಿಗೆ ಹೆದರುತ್ತಿದ್ದಳು. ಗಿರಾಕಿ ಬಂದರೆ ಗ್ರೈಂಡರಿನ ಹಿಂದೆ ಸರಿದು, ಹೇಳಬೇಕಾದ ಮಾತನ್ನು ತಲೆಯಾಡಿಸಿಯೇ ಮುಗಿಸುವಳು. ಆದರೆ ಅವಳ ಕಣ್ಣು ಸುಮ್ಮನಿರುವ ಕಣ್ಣಲ್ಲ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದೇ ಬಾಗಿಲು. ಒಗ್ಗರಣೆಯ ವಾಸನೆ ಲೇಥಿನವರೆಗೆ ಬರುತ್ತಿತ್ತು, ಕಬ್ಬಿಣದ ಸುರುಳಿ ಅಡುಗೆಮನೆಯವರೆಗೆ ಹೋಗುತ್ತಿತ್ತು. ಆ ಬಾಗಿಲ ಎರಡೂ ಕಡೆ ನಡೆಯುವುದೆಲ್ಲ ಅವಳಿಗೆ ಕಾಣುತ್ತಿತ್ತು.

ಆಬಾನಿಗೆ ಹೊಸ ಹಲ್ಲು ಬಂದದ್ದು ಆ ಬೇಸಿಗೆಯಲ್ಲಿ. ಗುಲಾಬಿ ಒಸಡಿನ ಮೇಲೆ ಸಾಲಾಗಿ ಕೂತ ಪಿಂಗಾಣಿ ಹಲ್ಲುಗಳು. ಹಲ್ಲಿನ ಡಾಕ್ಟರು ಅವನ್ನು ಬಾಯಿಗೆ ಕೂಡಿಸಿ, ಸದ್ಯಕ್ಕೆ ಮೆತ್ತಗಿನದು ತಿನ್ನಿ, ಸಡಿಲ ಅನ್ನಿಸಿದರೆ ಬನ್ನಿ, ಬಿಗಿ ಮಾಡಿಕೊಡುತ್ತೇನೆ ಎಂದಿದ್ದರು. ಮೆತ್ತಗಿನದು ಎಂಬ ಶಬ್ದ ಕಿವಿಗೆ ಬಿದ್ದೊಡನೆ ಆಬಾನಿಗೆ ಸಿಟ್ಟು ಬಂದು, ಮುಂದಿನದು ಕೇಳಿಸಲೇ ಇಲ್ಲ. ಮನೆಗೆ ಬಂದು ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು, ಬೆಳಕಿಗೆ ಹಿಡಿದು, ಹೆಬ್ಬೆರಳ ಉಗುರಿನ ಮೇಲೆ ಒಂದೊಂದನ್ನೇ ಒರೆದು ನೋಡಿದ. ಒಂದೂ ಉಗುರಿಗೆ ಕಚ್ಚಲಿಲ್ಲ. ಕಳಿಸಿದವನು ಸಾಣೆಯನ್ನೇ ಹಿಡಿಯದೆ ಟೂಲು ಕಳಿಸಿದ್ದಾನೆ ಎಂದು ತೀರ್ಪು ಕೊಟ್ಟ.

ಇಷ್ಟರಲ್ಲೇ ನಿಂತಿದ್ದರೆ ಆಬಾ ಹಾಲು ರೊಟ್ಟಿ ಕಲಸಿಕೊಂಡು ದಿನ ತಳ್ಳುತ್ತಿದ್ದ. ಆದರೆ ಶ್ರಾವಣ ಹತ್ತಿರ ಬಂತು. ಶ್ರಾವಣ ಹಿಡಿದರೆ ಆ ಮನೆಯಲ್ಲಿ ತಿಂಗಳು ಪೂರ್ತಿ ಮಟನ್ ಇಲ್ಲ. ಅದಕ್ಕೆ ಮುಂಚಿನ ಕೊನೆಯ ಭಾನುವಾರ ಓಣಿಗೆ ಓಣಿಯೇ ಮಟನ್ ಸಾರು, ಕೆಂಪು ರಸ್ಸಾ, ಬಿಳಿ ರಸ್ಸಾ ಕುದಿಸುತ್ತದೆ. ಆವತ್ತಿನ ಊಟಕ್ಕೆ ತನ್ನ ತಂದೆ ಹಿಂದುರಾವ್ ಬರುತ್ತಾರೆಂದು ಉಜ್ವಲಾಳ ತಾಯಿ ಸುರೇಖಾ ಹೇಳಿದಳು. ಹೇಳುತ್ತ ಹೇಳುತ್ತಲೇ, ಆಬಾನಿಗೆ ಬೇರೆಯಾಗಿ ಸಣ್ಣಗೆ ಕೊಚ್ಚಿದ ಖೀಮಾ ಬೇಯಿಸುತ್ತೇನೆ, ಚಮಚದಿಂದ ತಿನ್ನಬಹುದು ಎಂದೂ ಸೇರಿಸಿದಳು.

ಆಬಾ ಸ್ಟೂಲಿನಿಂದ ಎದ್ದ. "ಅಂದ್ರ ನಳಿ ಯಾರಿಗೆ?"

"ಯಾರ ಹಲ್ಲಿಗೆ ಆಗ್ತದೋ ಅವರಿಗ್ರಿ ಮಾಮಾ" ಎಂದಳು ಸುರೇಖಾ. "ನೀವಽ ಮಾಡಿದ ಕಾಯ್ದೆ."

ಕಾಯ್ದೆ ಅವನದೇ. ತೊಡೆಯ ದೊಡ್ಡ ನಳಿ ಎಲುಬು ಮನೆಯ ಹಿರಿಯನಿಗೆ ಸಲ್ಲಬೇಕು. ಆದರೆ ಹಿರಿಯ ಅದನ್ನು ತನ್ನ ಹಲ್ಲಿನಿಂದಲೇ ಮುರಿದು ಒಳಗಿನ ಮಜ್ಜೆ ಹೀರಬೇಕು. ತಟ್ಟೆಗೆ ಬಡಿದು ಉದುರಿಸುವುದು ಮಕ್ಕಳ ಕೆಲಸ. ಮುರಿಯಲಾಗದಿದ್ದರೆ ಎಲುಬು ಬಲಗಡೆ ಕೂತವನಿಗೆ ದಾಟಬೇಕು. ಬಹಳ ಹಿಂದೆ ಆಬಾನ ಅಣ್ಣನ ಹಲ್ಲು ಅಲುಗಾಡತೊಡಗಿದ ವರ್ಷ ಆಬಾ ಈ ಕಾಯ್ದೆ ತಂದಿದ್ದ. ಅಂದಿನಿಂದ ನಳಿ ಅವನ ಕೈ ಬಿಟ್ಟಿರಲಿಲ್ಲ. ಈಗ ಬಲಗಡೆ ಕೂರುವವನು ಬೀಗ ಹಿಂದುರಾವ್. ಹಳೆಯ ಪೈಲ್ವಾನ. ಈ ವಯಸ್ಸಿನಲ್ಲೂ ಸೋಡಾ ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ತೆಗೆದು, ಮುಚ್ಚಳವನ್ನು ಜೇಬಿಗೆ ಹಾಕಿಕೊಂಡು, ಸೋಡಾವನ್ನು ಪಕ್ಕದವನಿಗೆ ಕೊಡುವ ಮನುಷ್ಯ.

ಮರುದಿನ ವಿಲಾಸ ಕಬ್ಬಿಣ ತರಲು ಹೋಗಿದ್ದಾಗ ಆಬಾ ಮೊಮ್ಮಗಳ ಬಳಿ ಬಂದು ಹಲ್ಲನ್ನು ಅವಳ ಮುಂದಿಟ್ಟ. ಹಿಂಡಿದ ನಿಂಬೆಹಣ್ಣಿನಂತೆ ಬಾಯಿ ಒಳಗೆ ಹೋಗಿತ್ತು. ಮಾತು ಸ್ಪಷ್ಟವಾಗದಿದ್ದರಿಂದ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಬರೆದು ತೋರಿಸಿದ. ಹಲ್ಲಿನ ಮುಖ ಇಷ್ಟು ಓರೆ, ಹಿಂಬದಿ ಇಷ್ಟು ಬಿಡುವು. ಹಿಂದೆ ಬಿಡುವಿಲ್ಲದ ಟೂಲು ಕತ್ತರಿಸುವುದಿಲ್ಲ, ಬರೀ ಉಜ್ಜುತ್ತದೆ. ಉಜ್ವಲಾಳಿಗೆ ಇದನ್ನು ಕಲಿಸಿದವನೇ ಅವನು.

ಅವಳು ಬೇಡವೆಂದು ತಲೆಯಾಡಿಸಿದಳು. ಆಬಾ ಮತ್ತೆ ಮುಂದಕ್ಕೆ ತಳ್ಳಿದ. ತಾಯಿಗೆ ಗೊತ್ತಾದರೆ ತನ್ನ ಗತಿಯೇನೆಂದು ಅವಳು ಅಡುಗೆಮನೆಯ ಕಡೆ ಕಣ್ಣು ತೋರಿಸಿದಳು. ಆಬಾ ಅದೇ ಕಡೆ ನೋಡಿದ. ಆ ಬಾಗಿಲಲ್ಲಿ ಖೀಮಾದ ಚಮಚ ಬರುತ್ತಿರುವುದನ್ನು ಈಗಲೇ ಕಂಡವನ ಹಾಗೆ ಅವನ ಮುಖ ಬಾಡಿತು. ಅವಳ ಮನಸ್ಸು ಕರಗಿತು.

ಗ್ರೈಂಡರಿಗೆ ಕೊಟ್ಟರೆ ಕಾವಿಗೆ ಗುಲಾಬಿ ಒಸಡು ಮೇಣದಂತೆ ಇಳಿದುಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ಮೇಲಿನ ಸಾಲನ್ನು ಮೆಲ್ಲಗೆ ಬೆಂಚಿನ ಮೇಲಿನ ವೈಸಿನ ಇಕ್ಕಳಕ್ಕೆ ಬಿಗಿದಳು. ಗಡಸು ಟೂಲುಗಳಿಗೆ ಇಟ್ಟುಕೊಂಡಿದ್ದ ವಜ್ರದ ಅರದಿಂದ, ನೀರು ಹನಿಸುತ್ತ, ಒಂದೊಂದೇ ಹಲ್ಲನ್ನು ಉಜ್ಜತೊಡಗಿದಳು. ವೈಸಿನಲ್ಲಿ ಕೂತ ಹಲ್ಲು ಅವಳನ್ನು ನೋಡಿ ನಗುತ್ತಿತ್ತು. ಅವಳಿಗೆ ನಾಚಿಕೆಯಾಗಿ ಅದನ್ನು ಗೋಡೆಯ ಕಡೆ ತಿರುಗಿಸಿ ಮುಂದುವರಿಸಿದಳು.

ಆಗಲೇ ಸಾಣೆಗೆ ಕೊಟ್ಟಿದ್ದ ಡ್ರಿಲ್ ಒಯ್ಯಲು ಗಿರಾಕಿ ಮುಲ್ಲಾಣಿ ಒಳಗೆ ಬಂದ. ಉಜ್ವಲಾ ಅರಿವೆ ಮುಚ್ಚುವುದಕ್ಕೆ ಮುಂಚೆಯೇ ಅವನಿಗೆ ಎಲ್ಲ ಕಂಡಿತ್ತು. ಅವನು ವೈಸನ್ನು ನೋಡಿದ, ಆಬಾನ ಬಾಯಿ ನೋಡಿದ. ಆಬಾ ಕೆಮ್ಮುವವನಂತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಮುಲ್ಲಾಣಿ ಡ್ರಿಲ್ಲುಗಳನ್ನು ಚೀಲಕ್ಕೆ ಹಾಕಿಕೊಂಡು, ಹೋಗುವ ಮುನ್ನ ದನಿ ತಗ್ಗಿಸಿ ಕೇಳಿದ:

"ತಂಗಿ, ಚೂಪು ಅಷ್ಟಽ ಮಾಡ್ತೀಯೋ, ಮೊಂಡನೂ ಮಾಡಿಕೊಡ್ತೀಯೋ? ನಮ್ಮ ಅತ್ತಿದೊಂದು ಸೆಟ್ ಐತಿ."

ಸಂಜೆಗೆ ಕೆಲಸ ಮುಗಿಯಿತು. ಆಬಾ ಹಲ್ಲನ್ನು ಮತ್ತೆ ಉಗುರಿಗೆ ಒರೆದ. ಈ ಸಲ ಅದು ಉಗುರಿನಲ್ಲಿ ಗೆರೆ ಎಬ್ಬಿಸಿತು. ಬಾಯಿಗೆ ಹಾಕಿಕೊಂಡು ದಿನಪತ್ರಿಕೆಯ ಹಾಳೆಯನ್ನು ಕಚ್ಚಿದ. ಶೇರು ಬೆಲೆಯ ಕಾಲಮ್ಮು ಕತ್ತರಿಯಿಂದ ಕತ್ತರಿಸಿದ ಹಾಗೆ ಬೇರೆಯಾಗಿ ಬಿತ್ತು. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಎದುರಿಗಿನ ದರ್ಜಿಯ ಅಂಗಡಿಗೆ ಹೋಗಿ ದಾರ ಕಡಿದುಕೊಟ್ಟ. ಪಾನಿನಂಗಡಿಯಲ್ಲಿ ಅಡಕತ್ತರಿಯನ್ನು ಪಕ್ಕಕ್ಕೆ ಸರಿಸಿ ಅಡಿಕೆ ಹೋಳು ಮಾಡಿದ. ಹುಡುಗರ ಪೆನ್ಸಿಲ್ ಕೆತ್ತಿಕೊಟ್ಟ. ಮಾತಾಡುವಾಗ ಮಾತ್ರ ಗಾಳಿ ಎಲ್ಲೋ ಸಿಕ್ಕಿಕೊಂಡು ಸಿಳ್ಳೆಯಾಗುತ್ತಿತ್ತು. ಅವನು ಸುರೇಖಾಳನ್ನು ಕೂಗಿದಾಗಲೆಲ್ಲ ಓಣಿಯ ನಾಯಿ ಎದ್ದು ಬರುತ್ತಿತ್ತು.

ಶನಿವಾರ ಒಮ್ಮೆ ನಾಲಿಗೆಗೇ ಅಲಗು ತಗುಲಿ ಆಬಾ ಮಾತು ಬಿಟ್ಟ. ಮಾವ ಖೀಮಾದ ಸಲುವಾಗಿ ಮುನಿಸಿಕೊಂಡಿದ್ದಾರೆಂದು ಸುರೇಖಾ ತಿಳಿದಳು. ಇಡೀ ದಿನ ಮನೆ ಎಷ್ಟು ನೆಮ್ಮದಿಯಾಗಿತ್ತೆಂದರೆ, ಮುನಿಸು ಇನ್ನೂ ಎರಡು ದಿನ ಇದ್ದರೂ ತನ್ನ ಅಡ್ಡಿಯಿಲ್ಲ ಎಂದು ಅವಳು ಗಂಡನಿಗೆ ಹೇಳಿದಳು. ಉಜ್ವಲಾ ಮಾತ್ರ ಒಂದು ಸಂಗತಿ ಗಮನಿಸಿದ್ದಳು. ಆಬಾ ಸೀನಿದಾಗ ಹಲ್ಲು ಸಡಿಲವಾಗಿ ಒಂದು ಕ್ಷಣ ತಡೆದು, ಆಮೇಲೆ ಅವನ ಜೊತೆ ಹೋಗುತ್ತಿತ್ತು.

ಭಾನುವಾರ ಎಲ್ಲರೂ ಸಾಲಾಗಿ ಕೂತರು. ಹಿಂದುರಾವ್ ಬಲಗಡೆ, ತೊಡೆ ಅಗಲಿಸಿ, ಎರಡಾಳಿನ ಜಾಗ ಹಿಡಿದು ಕೂತ. ಸುರೇಖಾ ಖೀಮಾದ ಬಟ್ಟಲನ್ನು ಆಬಾನ ಮುಂದಿಟ್ಟಳು. ಆಬಾ ಅದನ್ನು ಬೆರಳ ತುದಿಯಿಂದ ಮಗನ ಕಡೆ ಸರಿಸಿದ. ವಿಲಾಸ ಅದನ್ನು ತಿನ್ನತೊಡಗಿದ. ಅವನು ಊಟದ ಹೊತ್ತಿನಲ್ಲಿ ಯಾರ ಪಕ್ಷವೂ ಅಲ್ಲ. ಕೆಂಪು ರಸ್ಸಾದಿಂದ ದೊಡ್ಡ ನಳಿಯನ್ನು ಆಬಾನೇ ಎತ್ತಿಕೊಂಡ.

ಹಿಂದುರಾವ್ ಮೀಸೆಯ ಮೇಲೆ ಕೈಯಾಡಿಸಿದ. "ಸಾವಕಾಶ ಬೀಗರ. ನಾನು ಇಲ್ಲೇ ಅದೀನಿ."

ಆಬಾ ಎಲುಬನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಕಚ್ಚಿದ. ಕಟಕ್ಕೆಂದು ಸದ್ದಾಯಿತು. ಹಲ್ಲು ಬೆಣ್ಣೆಗೆ ಇಳಿದ ಹಾಗೆ ಎಲುಬಿನೊಳಗೆ ಇಳಿಯಿತು. ಹಿಂದುರಾವ್‌ನ ಕೈ ಮೀಸೆಯ ಮೇಲೇ ನಿಂತಿತು. ಆಬಾ ಗೆದ್ದೆನೆಂದು ಎಲುಬನ್ನು ಕೆಳಗೆ ಎಳೆದ. ಎಲುಬು ಬಂತು. ಅದರ ಹಿಂದೆಯೇ ಹಲ್ಲೂ ಬಂತು. ಇಡೀ ಮೇಲಿನ ಸಾಲು ನಳಿಗೆ ಕಚ್ಚಿಕೊಂಡು, ಆಬಾನ ಕೈಯಲ್ಲಿ, ಸಾಲಿನಲ್ಲಿ ಕೂತವರನ್ನೆಲ್ಲ ನೋಡಿ ನಗುತ್ತಿತ್ತು.

ಸುರೇಖಾ ಸೌಟು ಕೆಳಗಿಟ್ಟು ಬಗ್ಗಿ ನೋಡಿದಳು. ಹಲ್ಲಿನ ತುದಿಗಳನ್ನು ನೋಡಿದಳು, ಆಮೇಲೆ ಮಗಳನ್ನು ನೋಡಿದಳು. ಉಜ್ವಲಾ ತನ್ನ ರೊಟ್ಟಿಯನ್ನು ಬಹಳ ಆಸ್ಥೆಯಿಂದ ಚೂರು ಮಾಡತೊಡಗಿದಳು. ಆಬಾನಿಗೆ ಮಾತ್ರ ಅವಮಾನವೆಂಬುದೇ ತಿಳಿದಂತಿರಲಿಲ್ಲ. ಅವನು ಎಲುಬನ್ನು ತಿರುಗಿಸಿ, ಕಚ್ಚಿದ ಜಾಗವನ್ನು ಪರೀಕ್ಷಿಸಿ, ಬೊಚ್ಚು ಬಾಯಿಂದ ಹೇಳಿದ. "ಟೂಲು ಚೊಲೋ ಐತಿ. ಟೂಲ್ ಪೋಸ್ಟ್ ಸಡಿಲ."

"ಅದೆಲ್ಲ ಇರಲಿ" ಎಂದ ಹಿಂದುರಾವ್, ಅಂಗೈ ಚಾಚಿ. "ಹಲ್ಲು ಬಾಯಾಗ ಇಲ್ಲ. ಪಾಳಿ ನಂದು."

ಆಬಾನ ಮುಖ ಮೊದಲ ಸಲ ಇಳಿಯಿತು. ಕಾಯ್ದೆ ಕಾಯ್ದೆಯೇ. ಎಲುಬು ಹಿಡಿದ ಕೈ ನಿಧಾನವಾಗಿ ಬಲಕ್ಕೆ ಹೊರಟಿತು. ಆಗ ಉಜ್ವಲಾ ಹಿಂದುರಾವ್‌ನ ಕಡೆ ತಿರುಗಿ ಮಾತಾಡಿದಳು. ಅವಳು ಮಾತಾಡಿದ್ದಾಳೆಂದು ಎಲ್ಲರಿಗೂ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಹಲ್ಲು ಇನ್ನಾ ಕಚ್ಚೇ ಐತ್ರಿ ಅಜ್ಜಾ. ಬಿಟ್ಟಿಲ್ಲ. ಬಿಡೋತನಕ ಪಾಳಿ ಮುಗಿದಂಗ ಹೆಂಗ?"

ಊಟ ನಿಂತಿತು. ಎಲ್ಲರೂ ಎಲುಬನ್ನು ನೋಡಿದರು. ಹಲ್ಲು ನಿಜಕ್ಕೂ ಕಚ್ಚಿಕೊಂಡೇ ಇತ್ತು. ಹಿಂದುರಾವ್ ಹುಬ್ಬು ಗಂಟಿಕ್ಕಿ ಬಹಳ ಯೋಚಿಸಿದ. ಅವನು ಬೇರೆ ಯಾವ ಶಾಸ್ತ್ರಕ್ಕೂ ಬಗ್ಗದವನು, ಕುಸ್ತಿಯ ಶಾಸ್ತ್ರಕ್ಕೆ ಬಗ್ಗುವವನು. ಕೊನೆಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಪೈಲ್ವಾನ ಅಖಾಡದ ಹೊರಗೆ ಉರುಳಿದರೂ ಪಟ್ಟು ಬಿಡದಿದ್ದರೆ ಅದು ಸೋಲಲ್ಲ, ಬೆನ್ನು ಮಣ್ಣಿಗೆ ಹತ್ತಬೇಕು ಎಂದು ಒಪ್ಪಿಕೊಂಡ. ಆದರೆ ಮುರಿಯುವುದು ಆ ಹಲ್ಲೇ ಆಗಬೇಕು, ಬೇರೆ ಹತ್ಯಾರು ತಾಗಕೂಡದು ಎಂದು ಷರತ್ತು ಹಾಕಿದ.

ಉಜ್ವಲಾ ಎದ್ದು ಕೈ ತೊಳೆದುಕೊಂಡು ಅಂಗಡಿಯ ಬಾಗಿಲು ತೆರೆದಳು. ಅವಳು ಏನು ಮಾಡಲು ಹೊರಟಿದ್ದಾಳೆಂದು ಆಬಾನಿಗೆ ಮೊದಲು ಹೊಳೆಯಿತು. ಅವನು ಎಲುಬನ್ನು ಎದೆಗವಚಿಕೊಂಡು ಅವಳ ಹಿಂದೆ ಓಡಿದ. ಉಳಿದವರು ಎಂಜಲು ಕೈಯಲ್ಲೇ ಅವನ ಹಿಂದೆ ಹೋದರು. ವಿಲಾಸ ತಟ್ಟೆಯನ್ನೂ ತಂದ.

ಅವಳು ಹಲ್ಲನ್ನು ಮೆಲ್ಲಗೆ ಬಿಡಿಸಲು ಹೋದಾಗ ಹಿಂದುರಾವ್ ಹಾಂ ಹಾಂ ಎಂದು ತಡೆದ. ಬಿಡಿಸಿದರೆ ಪಾಳಿ ಮುಗಿಯಿತು. ಸರಿ, ಕಚ್ಚಿದ್ದನ್ನು ಕಚ್ಚಿದ ಹಾಗೆಯೇ ತಂದು ನಳಿಯ ಒಂದು ತುದಿಯನ್ನು ಲೇಥಿನಲ್ಲಿ ತಿರುಗುವ ಚಕ್ಕಿನ ಹಿಡಿತಕ್ಕೆ ಬಿಗಿದಳು. ಒಸಡಿಗೆ ಸೈಕಲ್ ಟ್ಯೂಬು ಸುತ್ತಿ, ಟೂಲು ಕೂರುವ ಜಾಗದಲ್ಲಿ ಹಲ್ಲಿನ ಸಾಲನ್ನು ಕೂರಿಸಿ, ಎತ್ತರ ಸಾಲದ್ದಕ್ಕೆ ಹಳೆಯ ಗರಗಸದ ಅಲಗಿನ ತುಂಡುಗಳನ್ನು ಕೆಳಗೆ ಇಟ್ಟು, ಬೋಲ್ಟು ಬಿಗಿದಳು. ಆಬಾ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ, ಇನ್ನೊಂದು ತುಂಡು ಸೇರಿಸು ಎಂದು ಸನ್ನೆ ಮಾಡಿದ. ಅಂಥ ಹೊತ್ತಿನಲ್ಲೂ ಅವನಿಗೆ ಒಂದು ತಪ್ಪು ಸಿಕ್ಕಿತು. ಆಮೇಲೆ ಗೇರನ್ನು ತೀರ ನಿಧಾನಕ್ಕೆ ಹಾಕಿ, ಹ್ಯಾಂಡಲ್ ಹಿಡಿಯಲು ಅವನನ್ನೇ ಕರೆದಳು. ಕಚ್ಚುವವನು ಅವನಲ್ಲವೇ.

ಚಕ್ಕು ತಿರುಗಿತು. ರಸ್ಸಾ ಮೊದಲು ಸುರೇಖಾಳ ಸೀರೆಗೆ, ಆಮೇಲೆ ವಿಲಾಸನ ಅಂಗಿಗೆ, ಕೊನೆಗೆ ಗೋಡೆಯ ಮೇಲಿನ ಗಣಪತಿಯ ಕ್ಯಾಲೆಂಡರಿಗೆ ಸಿಡಿಯಿತು. ಆಬಾನ ಕೈ ಹ್ಯಾಂಡಲ್ ಮೇಲೆ ನಡುಗುತ್ತಿತ್ತು. ಉಜ್ವಲಾ ತನ್ನ ಕೈಯನ್ನು ಅದರ ಮೇಲಿಟ್ಟಳು. ಹಲ್ಲು ಕಿರ್ ಕಿರ್ ಎನ್ನುತ್ತ ಎಲುಬಿನ ಸುತ್ತ ಗೆರೆ ಕೊರೆಯಿತು. ಒಂದು ಹಲ್ಲು ಚಟ್ಟನೆ ಹಾರಿ ಎಣ್ಣೆಯ ಡಬ್ಬಿಗೆ ಬಿತ್ತು. ಇನ್ನೊಂದು ವಿಲಾಸನ ತಟ್ಟೆಗೆ ಬಂತು. ಅವನು ಅದನ್ನು ಬದಿಗೆ ಸರಿಸಿದ. ಮೂರನೆಯದು ಹಾರುವ ಹೊತ್ತಿಗೆ ನಳಿ ಟಪ್ಪೆಂದು ಎರಡಾಗಿ, ಒಂದು ಅರ್ಧ ಆಬಾನ ಅಂಗೈಗೇ ಬಂದು ಬಿದ್ದಿತು.

ಎಲ್ಲರೂ ಹಿಂದುರಾವ್‌ನ ಮುಖ ನೋಡಿದರು. ಅವನು ಹತ್ತಿರ ಬಂದು, ಎಲುಬಿನ ಮುರಿದ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಸ್ವಂತ ಹಲ್ಲು, ಸ್ವಂತ ಕೈ. ಗೆದ್ರಿ ಬೀಗರ" ಎಂದ. ಆಬಾ ಎಲುಬನ್ನು ಬಾಯಿಗಿಟ್ಟು ಮಜ್ಜೆ ಹೀರಿದ ಸದ್ದು ಬೀದಿಯವರೆಗೆ ಕೇಳಿಸಿತು. ಹೀರಲು ಹಲ್ಲು ಬೇಕಾಗಿರಲಿಲ್ಲ.

ಚಕ್ಕಿನಲ್ಲಿ ಉಳಿದ ಇನ್ನರ್ಧದ ಮೇಲೆ ಹಿಂದುರಾವ್‌ನ ಕಣ್ಣು ಬಿತ್ತು. ಕಾಯ್ದೆಯಲ್ಲಿ ಅರ್ಧದ ಮಾತೇ ಇಲ್ಲ ಎಂದು ಅವನು ಮೆಲ್ಲಗೆ ಜ್ಞಾಪಿಸಿದ. ಆಬಾ ಹೀರುವುದನ್ನು ನಿಲ್ಲಿಸದೆ ಕಣ್ಣಲ್ಲೇ ತಗೋ ಎಂದ. ಹಿಂದುರಾವ್ ಅದನ್ನು ಕೈಯಿಂದ ತೆಗೆಯದೆ, ಸೋಡಾ ಬಾಟಲಿಯಿಂದ ಕುಡಿಯುವವನಂತೆ ಲೇಥಿಗೇ ಬಾಯಿ ಹಚ್ಚಿದ.

ಅಷ್ಟರಲ್ಲಿ ಸುರೇಖಾ ಒಳಗಿನಿಂದ ಕೊಡ ತುಂಬ ಅರಿಶಿನ ನೀರು ತಂದಳು. ನಾಳೆಯಿಂದ ಶ್ರಾವಣ. ಮಟನ್ ತಿಂದ ಮಷೀನನ್ನು ಮೈಲಿಗೆಯಲ್ಲೇ ಬಿಡುವಂತಿಲ್ಲ, ಅದಕ್ಕೆ ಈಗಿಂದೀಗ ಸ್ನಾನವಾಗಬೇಕು ಎಂದಳು. ವಿಲಾಸ ಆವತ್ತು ಮೊದಲ ಬಾರಿ ತಟ್ಟೆ ಕೆಳಗಿಟ್ಟು, ತುಕ್ಕು ಹಿಡಿಯುತ್ತದೆಂದು ಲೇಥನ್ನು ತಬ್ಬಿಕೊಂಡ. ಉಜ್ವಲಾ ಸದ್ದಿಲ್ಲದೆ ಗ್ರೈಂಡರಿನ ಹಿಂದಕ್ಕೆ ಸರಿದಳು. ಆದರೆ ತಾಯಿ ಅವಳನ್ನು ಆಗಲೇ ನೋಡಿಯಾಗಿತ್ತು.

"ನೀ ಎಲ್ಲಿ ಹೋಗ್ತಿ?" ಎಂದು ಕೊಡವನ್ನು ಎತ್ತಿ ಹಿಡಿದಳು. "ಮೊದಲು ನೀನಽ ಬಾ."